ಹೊಸದಾಗಿ ಕಟ್ಟಿದ ಇಂಜಿನ್ನಿಗೆ ಮುದ್ದು ಸಾಕು, ದುಡಿಮೆ ಬೇಕು

ಬೋರ್ ಮಾಡಿಸಿ, ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿ ಕಟ್ಟಿದ ಇಂಜಿನ್ನನ್ನು ಮೊದಲ ದಿನಗಳಲ್ಲಿ ಹೇಗೆ ನಡೆಸಬೇಕು ಎಂಬ ಪ್ರಶ್ನೆಗೆ ನಮ್ಮ ಕಡೆ ಸಿದ್ಧ ಉತ್ತರವೊಂದಿದೆ. ಚಾಲೂ ಮಾಡಿ ಮೂರ್ನಾಲ್ಕು ತಾಸು, ಸಾಧ್ಯವಾದರೆ ರಾತ್ರಿಯಿಡೀ, ಐಡ್ಲಿಂಗ್‌ನಲ್ಲಿ ಬಿಡಬೇಕು. ಆಮೇಲೆ ಸಾವಿರ ಕಿಲೋಮೀಟರ್ ಆಗುವ ತನಕ ನಲವತ್ತರ ಮೇಲೆ ಓಡಿಸಬಾರದು, ಲೋಡ್ ಹೇರಬಾರದು. ಈ ಮಾತು ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಗ್ಯಾರೇಜುಗಳಿಗಷ್ಟೇ ಸೀಮಿತವಲ್ಲ. ರಾಜ್ಯದ ಯಾವ ಮೂಲೆಗೆ ಹೋದರೂ ಸ್ವಲ್ಪ ಹೆಚ್ಚುಕಡಿಮೆ ಇದೇ ಸಲಹೆ ಸಿಗುತ್ತದೆ. ಇದರ ಹಿಂದಿರುವುದು ಕಾಳಜಿ. ಸಾಲ ಮಾಡಿ ಕಟ್ಟಿಸಿದ ಇಂಜಿನ್ನು ಬಾಣಂತಿಯಷ್ಟೇ ಜೋಪಾನ ಎಂಬ ಭಾವನೆ ಯಾರಿಗಾದರೂ ಸಹಜ. ಆದರೆ ಸಿಲಿಂಡರಿನ ಒಳಗೆ ಆ ಹೊತ್ತಿನಲ್ಲಿ ನಡೆಯುವುದನ್ನು ಒಂದೊಂದಾಗಿ ನೋಡುತ್ತ ಹೋದರೆ ತೀರ್ಮಾನ ತಿರುಗುಮುರುಗಾಗುತ್ತದೆ. ಮೊದಲ ಒಂದೆರಡು ತಾಸಿನಲ್ಲಿ ಹದವಾದ ಲೋಡ್ ಬೀಳದ ಇಂಜಿನ್ನು ಬಾಳಿನುದ್ದಕ್ಕೂ ಆಯಿಲ್ ಕುಡಿಯುವ ಸಾಧ್ಯತೆಯೇ ಹೆಚ್ಚು.

ಈ ಸೀಮೆಗೆ ಇದು ಸಣ್ಣ ಪ್ರಶ್ನೆಯಲ್ಲ. ಇಲ್ಲಿ ಗಾಡಿ ಎಂದರೆ ಬಹುಮಟ್ಟಿಗೆ ಬಾಡಿಗೆಗೆ ಓಡುವ ಕ್ರೂಸರು, ಬೊಲೆರೊ, ಟಂಟಂ, ಇಲ್ಲವೇ ಹೊಲಕ್ಕೂ ರಸ್ತೆಗೂ ಸಲ್ಲುವ ಟ್ರ್ಯಾಕ್ಟರು. ಅವುಗಳಲ್ಲಿ ಎರಡನೆಯ, ಮೂರನೆಯ ಮಾಲೀಕರ ಕೈಗೆ ಬಂದವು ಕಡಿಮೆಯೇನಲ್ಲ. ಹೊಸ ಗಾಡಿ ಕೊಳ್ಳುವ ಬದಲು ಹಳೆಯದರ ಇಂಜಿನ್ ಕೆಲಸ ಮಾಡಿಸುವುದು ಲೆಕ್ಕಕ್ಕೆ ಹೊಂದುವ ದಾರಿ. ಮುಂಗಾರಿನ ಹೆಸರು ಕೀಳುವ ಮೊದಲು, ಇಲ್ಲವೇ ಹಿಂಗಾರಿನ ಕಡಲೆ, ಬಿಳಿಜೋಳದ ರಾಶಿ ಶುರುವಾಗುವ ಮೊದಲು ಗಾಡಿ ಗ್ಯಾರೇಜಿನಿಂದ ಹೊರಬೀಳಬೇಕು. ಹಾಗೆ ಹೊರಬಿದ್ದ ಗಾಡಿಯನ್ನು ಹದಿನೈದು ದಿನ ಖಾಲಿ ತಿರುಗಿಸುವ ಶಕ್ತಿ ಎಷ್ಟು ಮಾಲೀಕರಿಗಿದೆ? ಹೀಗಾಗಿ ರೂಢಿಯ ಸಲಹೆ ಎರಡು ಕಡೆಯಿಂದ ಹೊಡೆತ ಕೊಡುತ್ತದೆ. ಪಾಲಿಸಿದವರ ಡೀಸೆಲ್ಲೂ ದಿನವೂ ಹಾಳು. ಪಾಲಿಸಲಾಗದವರು ತಪ್ಪು ಮಾಡುತ್ತಿದ್ದೇವೆಂಬ ಅಳುಕಿನಲ್ಲೇ ಗಾಡಿ ಓಡಿಸುತ್ತಾರೆ.

ಮೊದಲು ಬೋರಿನ ಗೋಡೆಯನ್ನೇ ನೋಡೋಣ. ಸವೆದ ಬ್ಲಾಕನ್ನು ಗದಗ ಅಥವಾ ಹುಬ್ಬಳ್ಳಿಯ ಬೋರಿಂಗ್ ಅಂಗಡಿಗೆ ಒಯ್ದು 0.50 ಮಿಲಿಮೀಟರ್ ಓವರ್‌ಸೈಜ್ ಮಾಡಿಸಿದಾಗ ಕೊನೆಯಲ್ಲಿ ನಡೆಯುವ ಕೆಲಸ ಹೋನಿಂಗ್. ಸಾಣೆಕಲ್ಲಿನ ತುಂಡುಗಳನ್ನು ಕಟ್ಟಿದ ಸಲಕರಣೆ ತಿರುಗುತ್ತ ಮೇಲೆ ಕೆಳಗೆ ಆಡಿ ಗೋಡೆಯ ಮೇಲೆ ಒಂದನ್ನೊಂದು ಓರೆಯಾಗಿ ಕತ್ತರಿಸುವ ಗೀರುಗಳನ್ನು ಎಳೆಯುತ್ತದೆ. ಗೋಡೆಯನ್ನು ಬೆಳಕಿಗೆ ಹಿಡಿದರೆ ಈ ಕತ್ತರಿ ಗೀರುಗಳ ಜಾಲ ಬರಿಗಣ್ಣಿಗೇ ಕಾಣುತ್ತದೆ. ಗೀರಿನ ತಗ್ಗಿನಲ್ಲಿ ಆಯಿಲ್ ನಿಲ್ಲುತ್ತದೆ, ಉಬ್ಬಿನ ಮೇಲೆ ರಿಂಗು ಉಜ್ಜುತ್ತದೆ. ಉಳಿ ಹೊಡೆಸಿ ತಂದ ಬೀಸುಗಲ್ಲಿನಲ್ಲಿ ಮನೆಯ ಹೆಂಗಸರು ಮೊದಲ ಸಲ ಒಂದಿಷ್ಟು ತೌಡನ್ನೋ ನುಚ್ಚನ್ನೋ ಬೀಸಿ ಚೆಲ್ಲುತ್ತಿದ್ದರಲ್ಲ, ಇಲ್ಲಿಯೂ ಲೆಕ್ಕ ಅದೇ. ಚೂಪಾದ ತುದಿಗಳು ಮುರಿದು ಮಟ್ಟವಾಗಬೇಕು, ಮುರಿದ ಪುಡಿ ಹೊರಹೋಗಬೇಕು. ಆಗ ರಿಂಗಿನ ಮೈಯೂ ಗೋಡೆಯೂ ಪರಸ್ಪರ ಹೊಂದಿಕೊಳ್ಳುತ್ತವೆ. ಗ್ಯಾರೇಜಿನ ಭಾಷೆಯಲ್ಲಿ ರಿಂಗ್ ಸೆಟ್ ಆಯಿತು ಅನ್ನುವುದು ಇದಕ್ಕೇ.

ರಿಂಗನ್ನು ಗೋಡೆಗೆ ಒತ್ತುವುದು ಯಾವುದು? ಅದರ ಸ್ವಂತ ಬಿಗಿತ ಎಂದು ಬಹಳ ಜನ ತಿಳಿದಿದ್ದಾರೆ. ಆ ಬಿಗಿತ ಕೊಡುವ ಒತ್ತಡ ಒಂದೆರಡು ಬಾರ್ ಮಾತ್ರ, ಕಾರಿನ ಟೈರಿಗೆ ತುಂಬುವ ಗಾಳಿಯಷ್ಟು. ನಿಜವಾದ ಬಲ ಬರುವುದು ದಹನದ ಅನಿಲದಿಂದ. ಇಂಧನ ಉರಿದಾಗ ಹುಟ್ಟುವ ಅನಿಲ ಪಿಸ್ಟನ್ನಿನ ಪಕ್ಕದ ಸಂದಿನಲ್ಲಿ ಇಳಿದು, ರಿಂಗು ಕೂತ ತೋಡಿನೊಳಗೆ ನುಗ್ಗಿ, ರಿಂಗಿನ ಬೆನ್ನಿಗೆ ನಿಂತು ಅದನ್ನು ಗೋಡೆಯ ಕಡೆ ದಬ್ಬುತ್ತದೆ. ಪೂರ್ತಿ ಲೋಡಿನಲ್ಲಿ ದುಡಿಯುವ ಡೀಸೆಲ್ ಇಂಜಿನ್ನಿನ ಸಿಲಿಂಡರಿನೊಳಗೆ ಒತ್ತಡ ನೂರು ಬಾರ್ ದಾಟುವುದುಂಟು. ಅನಿಲದ ಒತ್ತಡ ಹೆಚ್ಚಿದಷ್ಟೂ ರಿಂಗು ಬಿಗಿಯಾಗಿ ಕೂರುತ್ತದೆ, ಗೀರಿನ ತುದಿಗಳು ಬೇಗ ಮಟ್ಟವಾಗುತ್ತವೆ. ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಇಂಜಿನ್ನಿನ ಥ್ರಾಟಲ್ ಮುಚ್ಚಿಯೇ ಇರುವುದರಿಂದ ಒಳಗೆ ಹೋಗುವ ಗಾಳಿಯೇ ಅಲ್ಪ, ಹುಟ್ಟುವ ಒತ್ತಡವೂ ಅಲ್ಪ. ಡೀಸೆಲ್‌ನಲ್ಲಿ ಕಂಪ್ರೆಷನ್ನಿನ ಒತ್ತಡ ಐಡ್ಲಿಂಗ್‌ನಲ್ಲೂ ಇರುತ್ತದೆ. ಆದರೆ ಅದರ ಮೇಲೆ ದಹನ ಸೇರಿಸುವ ಒತ್ತಡ, ಶಾಖ ಎರಡೂ ಕಡಿಮೆ.

ಒತ್ತಡ ಕಡಿಮೆಯಾದರೆ ರಿಂಗು ನಿಧಾನವಾಗಿ ಸೆಟ್ ಆದೀತು, ಅಷ್ಟೇ ತಾನೆ ಎಂದು ಕೇಳಬಹುದು. ಅಷ್ಟೇ ಆಗಿದ್ದರೆ ಜಗಳವೇ ಇರಲಿಲ್ಲ. ತೊಡಕು ಇರುವುದು ಆಯಿಲ್‌ನಲ್ಲಿ. ರಿಂಗು ಸರಿಯಾಗಿ ಒತ್ತದಿದ್ದಾಗ ಗೋಡೆಯ ಮೇಲೆ ಅಗತ್ಯಕ್ಕಿಂತ ಹೆಚ್ಚು ಆಯಿಲ್ ಉಳಿಯುತ್ತದೆ. ರಿಂಗು ದಾಟಿ ಕೆಳಗಿಳಿಯುವ ಬಿಸಿ ಅನಿಲ ಅದನ್ನು ಸುಡುತ್ತದೆ. ಅರೆಬೆಂದ ಡೀಸೆಲ್ಲೂ ಅದರೊಂದಿಗೆ ಸೇರುತ್ತದೆ. ಇವೆಲ್ಲ ಕೂಡಿ ಗೀರುಗಳ ತಗ್ಗಿನಲ್ಲಿ ಗಟ್ಟಿ, ನುಣುಪಾದ ಲೇಪವಾಗಿ ಕೂರುತ್ತವೆ. ಆಮೇಲೆ ಗೀರು ಆಯಿಲ್ ಹಿಡಿಯುವುದಿಲ್ಲ, ರಿಂಗಿಗೆ ಉಜ್ಜಲು ಒರಟೂ ಉಳಿಯುವುದಿಲ್ಲ. ಬೋರು ಕನ್ನಡಿಯಂತೆ ಹೊಳೆಯುತ್ತದೆ, ಬ್ರೀದರಿನಿಂದ ಹೊಗೆ ಏಳುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಹೋಗುತ್ತಲೇ ಇರುತ್ತದೆ. ಇದಕ್ಕೆ ಸಾಮಾನ್ಯವಾಗಿ ಉಳಿಯುವ ಮದ್ದು ಮತ್ತೆ ಬಿಚ್ಚಿ, ಮತ್ತೆ ಹೋನಿಂಗ್ ಮಾಡಿಸುವುದು. ತಾಸುಗಟ್ಟಲೆ ಸಣ್ಣ ಲೋಡಿನಲ್ಲೇ ಓಡುವ ಡೀಸೆಲ್ ಜನರೇಟರುಗಳಲ್ಲಿ ಈ ರೋಗ ಚೆನ್ನಾಗಿ ಪರಿಚಿತ. ಅದಕ್ಕೆಂದೇ ಜನರೇಟರನ್ನು ಬಹಳ ಹೊತ್ತು ಹಗುರ ಲೋಡಿನಲ್ಲಿ ನಡೆಸಬೇಡಿ ಎಂದು ತಯಾರಕರು ಎಚ್ಚರಿಸುತ್ತಾರೆ. ಹಳೆಯ, ಸೆಟ್ ಆದ ಇಂಜಿನ್ನಿಗೇ ಹೀಗಾಗುವುದಾದರೆ, ಗೀರು ಇನ್ನೂ ಹಸಿಯಾಗಿರುವ ಇಂಜಿನ್ನನ್ನು ರಾತ್ರಿಯಿಡೀ ಐಡ್ಲಿಂಗ್‌ನಲ್ಲಿ ಬಿಡುವುದು ರೋಗವನ್ನು ಕರೆದು ಮಣೆ ಹಾಕಿದಂತೆ.

ಇಂಜಿನ್ ಕೈಕೊಟ್ಟರೆ ರಸ್ತೆ ಪಕ್ಕಕ್ಕೆ ಹಾಕಿ ನಿಲ್ಲಿಸುವ ಅನುಕೂಲ ಇಲ್ಲದವರು ಏನು ಮಾಡುತ್ತಾರೆ ಎಂಬುದೂ ಒಂದು ಸಾಕ್ಷಿ. ಸಣ್ಣ ವಿಮಾನಗಳಿಗೆ ಪಿಸ್ಟನ್ ಇಂಜಿನ್ ತಯಾರಿಸುವ ಅಮೆರಿಕದ ಲೈಕಮಿಂಗ್ ಕಂಪನಿ, ಹೊಸ ಹಾಗೂ ಮರುಜೋಡಿಸಿದ ಇಂಜಿನ್ನುಗಳನ್ನು ಆರಂಭದ ಹಾರಾಟಗಳಲ್ಲಿ ಶೇ 65ರಿಂದ 75ರಷ್ಟು ಶಕ್ತಿಯಲ್ಲಿ ನಡೆಸಲು ಹೇಳುತ್ತದೆ. ನೆಲದ ಮೇಲೆ ಸುಮ್ಮನೆ ಓಡಿಸುವ ಹೊತ್ತನ್ನು ಆದಷ್ಟು ಮೊಟಕುಗೊಳಿಸಬೇಕು. ಹೆಚ್ಚಿನ ಮಾದರಿಗಳಿಗೆ ಮೊದಲ 50 ತಾಸು, ಇಲ್ಲವೇ ಆಯಿಲ್ ಖರ್ಚು ಒಂದು ಹದಕ್ಕೆ ಬಂದು ನಿಲ್ಲುವವರೆಗೆ, ಸಾದಾ ಮಿನರಲ್ ಆಯಿಲ್ ಬಳಸಬೇಕು. ವಿಮಾನದ ಇಂಜಿನ್ನು ಗಾಳಿಯಿಂದ ತಂಪಾಗುವಂಥದ್ದು, ನಮ್ಮ ಗಾಡಿಗಳದು ಬಹುತೇಕ ನೀರಿನಿಂದ. ಹಾಗಾಗಿ ಈ ಅಂಕಿಗಳನ್ನು ಇದ್ದಂತೆಯೇ ತಂದು ಹಚ್ಚಲಾಗದು. ಆದರೆ ರಿಂಗು, ಗೋಡೆ, ಅನಿಲದ ಒತ್ತಡದ ಸಂಬಂಧ ಎರಡರಲ್ಲೂ ಒಂದೇ. ಜೀವದ ಪ್ರಶ್ನೆ ಇರುವ ಕಡೆ ಆಯ್ದುಕೊಂಡ ದಾರಿ ಲೋಡ್ ಕೊಡುವ ದಾರಿ ಎಂಬುದನ್ನು ತಳ್ಳಿಹಾಕಲು ಬರುವುದಿಲ್ಲ.

ಹಾಗಿದ್ದರೆ ಮೂವತ್ತು ನಲವತ್ತು ವರ್ಷ ಕೈ ಕಪ್ಪು ಮಾಡಿಕೊಂಡ ಹಿರಿಯ ಮಿಸ್ತ್ರಿಗಳು ಹೇಳಿದ್ದು ಸುಳ್ಳೇ? ಖಂಡಿತ ಅಲ್ಲ. ಅವರ ಮಾತು ಹುಟ್ಟಿದ ಕಾಲ ಬೇರೆ. ಹಿಂದಿನ ಲೇತಿನ ಕೆಲಸದಲ್ಲಿ ಅಳತೆ ಇಷ್ಟು ನಿಖರವಾಗಿರಲಿಲ್ಲ, ಆಯಿಲ್ ಇಂದಿನಷ್ಟು ಒಳ್ಳೆಯದಾಗಿರಲಿಲ್ಲ. ಪಿಸ್ಟನ್ನಿನ ಸಂದು ಎಲ್ಲೋ ಒಂದು ಕಡೆ ಬಿಗಿಯಾಗಿದ್ದರೆ ಶಾಖಕ್ಕೆ ಹಿಗ್ಗಿ ಇಂಜಿನ್ನು ಸೀಜ್ ಆಗುವ ಭಯ ನಿಜವಾಗಿತ್ತು. ಹಿಂದಿನ ಗಾಜಿಗೆ ‘ರನ್ನಿಂಗ್ ಇನ್’ ಎಂದು ಬರೆದುಕೊಂಡು ಅಂಬಾಸಿಡರುಗಳು ರಸ್ತೆಯ ಅಂಚಿನಲ್ಲಿ ಸಾಗುತ್ತಿದ್ದದ್ದು ಆ ಭಯಕ್ಕೇ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಅದರ ಜೊತೆ ಹುಟ್ಟಿದ ನಿಯಮ ಮಾತ್ರ ಉಳಿದುಕೊಂಡಿದೆ. ಆ ನಿಯಮದಲ್ಲಿ ಇಂದಿಗೂ ಸಲ್ಲುವ ಭಾಗವೊಂದಿದೆ: ಇಂಜಿನ್ನು ಕಾಯದಂತೆ ನೋಡಿಕೊಳ್ಳುವುದು. ಹೊಸ ಭಾಗಗಳ ಉಜ್ಜಾಟದಿಂದ ಶಾಖ ಹೆಚ್ಚು ಹುಟ್ಟುತ್ತದೆ. ಆದ್ದರಿಂದ ಲೋಡ್ ಕೊಟ್ಟ ಮೇಲೆ ಬಿಡುವೂ ಕೊಡಬೇಕು. ಹಿರಿಯರ ಭಯದ ಕಾರಣವನ್ನು ಉಳಿಸಿಕೊಂಡು, ಅದಕ್ಕೆ ಅವರು ಕಂಡುಕೊಂಡ ಪರಿಹಾರವನ್ನು ಬದಲಿಸಬೇಕು.

ಎರಡನೆಯ ಆಕ್ಷೇಪ ಕಂಪನಿಯ ಕೈಪಿಡಿಯದು. ಮೊದಲ ಸಾವಿರ ಕಿಲೋಮೀಟರ್ ನಿಧಾನವಾಗಿ ಓಡಿಸಿ ಎಂದು ಹೊಸ ಕಾರಿನ ಪುಸ್ತಕದಲ್ಲೇ ಇದೆಯಲ್ಲ? ಇದೆ. ಆದರೆ ಪೂರ್ತಿ ಓದಬೇಕು. ಪೂರ್ತಿ ರೇಸ್ ಕೊಡಬೇಡಿ, ಇಂಜಿನ್ನನ್ನು ಅತಿ ವೇಗದಲ್ಲಿ ತಿರುಗಿಸಬೇಡಿ ಎನ್ನುವ ಅದೇ ಪುಟದಲ್ಲಿ, ಬಹಳ ಹೊತ್ತು ಒಂದೇ ವೇಗದಲ್ಲಿ ಓಡಿಸಬೇಡಿ ಎಂಬ ಮಾತೂ ಸಾಮಾನ್ಯವಾಗಿ ಇರುತ್ತದೆ. ನಲವತ್ತರಲ್ಲೇ ಸಾವಿರ ಕಿಲೋಮೀಟರ್ ಎಂಬ ರೂಢಿಗೆ ಆ ಪುಟದಲ್ಲೇ ವಿರೋಧವಿದೆ. ಇನ್ನೊಂದು, ಕೈಪಿಡಿ ಮಾತಾಡುವುದು ಕಾರ್ಖಾನೆಯ ಇಂಜಿನ್ನಿನ ಬಗ್ಗೆ. ಅಲ್ಲಿ ಹೋನಿಂಗ್ ಆದ ಮೇಲೆ ಗೀರಿನ ಚೂಪನ್ನು ಯಂತ್ರವೇ ತೆಗೆದು ಗೋಡೆಯನ್ನು ಮುಕ್ಕಾಲುಪಾಲು ಸಿದ್ಧಗೊಳಿಸಿರುತ್ತದೆ. ಕಾರ್ಖಾನೆಯಿಂದ ಹೊರಬೀಳುವ ಮೊದಲೇ ಇಂಜಿನ್ ಚಾಲೂ ಆಗಿ ಪರೀಕ್ಷೆಗೊಳಗಾಗಿರುತ್ತದೆ. ಗ್ಯಾರೇಜಿನ ನೆಲದ ಮೇಲೆ ಕಟ್ಟಿದ ಇಂಜಿನ್ನಿಗೆ ಈ ಎರಡೂ ಆಗಿರುವುದಿಲ್ಲ. ಕಾರ್ಖಾನೆಯಲ್ಲಿ ಮುಗಿದ ಕೆಲಸವನ್ನು ಇಲ್ಲಿ ರಸ್ತೆಯೇ ಮಾಡಿ ಮುಗಿಸಬೇಕು.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಜೋಡಣೆಯಲ್ಲಿ ಎಲ್ಲೋ ತಪ್ಪಾಗಿದ್ದರೆ ಲೋಡ್ ಬಿದ್ದೊಡನೆ ದೊಡ್ಡ ನಷ್ಟವಾಗುತ್ತದೆ, ಐಡ್ಲಿಂಗ್‌ನಲ್ಲಾದರೆ ಉಳಿದೀತು ಎಂಬ ವಾದ. ಇದರಲ್ಲಿ ಹುರುಳಿದೆ. ಅದಕ್ಕಾಗಿಯೇ ಮೊದಲ ಇಪ್ಪತ್ತು ನಿಮಿಷವನ್ನು ತಪಾಸಣೆಗೆಂದು ಮೀಸಲಿಡಬೇಕು. ಆಯಿಲ್ ಪ್ರೆಷರ್, ನೀರಿನ ಶಾಖ, ಸೋರಿಕೆ, ಸದ್ದು, ಇವಿಷ್ಟೂ ಸರಿ ಇದ್ದರೆ ಮಾತ್ರ ರಸ್ತೆಗೆ. ಆದರೆ ಬೇರಿಂಗಿನ ಸಂದು ತಪ್ಪಿದ್ದರೆ ಹತ್ತು ತಾಸು ಐಡ್ಲಿಂಗ್ ಅದನ್ನು ಸರಿಪಡಿಸುವುದಿಲ್ಲ, ಮುಚ್ಚಿಡುತ್ತದೆ ಅಷ್ಟೆ. ಆಮೇಲೆ ಮದುವೆ ದಿಬ್ಬಣ ಹೇರಿಕೊಂಡು ಹೊರಟ ದಿನ ಆ ತಪ್ಪು ಹೊರಬೀಳುತ್ತದೆ. ಮಿಸ್ತ್ರಿಯ ಎದುರಿಗೇ, ಗ್ಯಾರೇಜಿಗೆ ಹತ್ತಿರದಲ್ಲೇ ಅದು ಹೊರಬೀಳುವುದು ಇಬ್ಬರಿಗೂ ಲಾಭ. ಇದಕ್ಕೆ ಎದುರಾದ ಇನ್ನೊಂದು ಅತಿಯೂ ಇದೆ: ಚಾಲೂ ಮಾಡಿದ ಗಳಿಗೆಯಿಂದಲೇ ಪೂರ್ತಿ ರೇಸ್ ಕೊಟ್ಟು ಚಚ್ಚಬೇಕು ಎನ್ನುವವರದು. ಅದಕ್ಕೂ ಆಧಾರವಿಲ್ಲ. ರಿಂಗಿಗೆ ಬೇಕಾದದ್ದು ಸಿಲಿಂಡರಿನ ಒತ್ತಡ. ಆ ಒತ್ತಡ ಮಧ್ಯಮ ಓಟದಲ್ಲಿ ಆಕ್ಸಿಲರೇಟರನ್ನು ಅರ್ಧಕ್ಕಿಂತ ತುಸು ಹೆಚ್ಚು ತುಳಿದರೂ ಸಿಗುತ್ತದೆ. ಇಂಜಿನ್ನನ್ನು ಕಿರುಚಾಡಿಸಿದರೆ ಹೆಚ್ಚುವುದು ಶಾಖ ಮತ್ತು ಬೇರಿಂಗಿನ ಮೇಲಿನ ಹೊರೆ.

ಇನ್ನು ಕೆಲಸದ ವಿಷಯ. ಕೀಲಿ ತಿರುಗಿಸುವ ಮೊದಲೇ ಅರ್ಧ ಫಲಿತಾಂಶ ನಿರ್ಧಾರವಾಗಿರುತ್ತದೆ. ಬೋರಿಂಗ್ ಅಂಗಡಿಯಿಂದ ಬಂದ ಬ್ಲಾಕನ್ನು ಡೀಸೆಲ್ಲಿನಲ್ಲಿ ತೊಳೆದು ಗಾಳಿ ಹೊಡೆಯುವುದು ಸಾಮಾನ್ಯ ಪದ್ಧತಿ. ಡೀಸೆಲ್ಲು ಜಿಡ್ಡನ್ನು ಬಿಡಿಸುತ್ತದೆ, ಆದರೆ ಗೀರಿನೊಳಗೆ ಕಚ್ಚಿಕೊಂಡ ಸಾಣೆಕಲ್ಲಿನ ಪುಡಿಯನ್ನು ಎಬ್ಬಿಸುವುದಿಲ್ಲ. ಅದಕ್ಕೆ ಬೇಕಾದದ್ದು ಬಿಸಿನೀರು, ಬಟ್ಟೆ ಒಗೆಯುವ ಸೋಪಿನ ಪುಡಿ, ಗಟ್ಟಿ ಬ್ರಷ್ಷು. ತಿಕ್ಕಿ ತೊಳೆದು ಒರೆಸಿ, ತುಸು ಆಯಿಲ್ ಹಚ್ಚಿದ ಬಿಳಿ ಬಟ್ಟೆಯನ್ನು ಬೋರಿನಲ್ಲಿ ಆಡಿಸಿದರೆ ಬಟ್ಟೆ ಬೂದುಬಣ್ಣಕ್ಕೆ ತಿರುಗುತ್ತದೆ. ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಮತ್ತೆ ಮತ್ತೆ ತೊಳೆಯಬೇಕು. ತಕ್ಷಣ ಆಯಿಲ್ ಸವರಬೇಕು, ಇಲ್ಲವಾದರೆ ಹಸಿ ಲೋಹ ನೋಡನೋಡುತ್ತಿದ್ದಂತೆ ತುಕ್ಕು ಹಿಡಿಯುತ್ತದೆ. ಆ ಬೂದು ಪುಡಿ ಒಳಗೇ ಉಳಿದರೆ ರಿಂಗು, ಬೋರು, ಬೇರಿಂಗು ಮೂರನ್ನೂ ಒಟ್ಟಿಗೆ ತಿನ್ನುತ್ತದೆ. ಆಮೇಲೆ ಎಷ್ಟು ಹದವಾಗಿ ಓಡಿಸಿದರೂ ಪ್ರಯೋಜನವಿಲ್ಲ.

ಎರಡನೆಯದು ಆಯಿಲ್ ಏರಿಸುವುದು. ಕಟ್ಟಿ ಮುಗಿಸಿದ ಇಂಜಿನ್ನಿನ ಆಯಿಲ್ ದಾರಿಗಳೆಲ್ಲ ಬರಿದಾಗಿರುತ್ತವೆ. ಹಾಗೇ ಚಾಲೂ ಮಾಡಿದರೆ ಮೊದಲ ಸೆಕೆಂಡುಗಳಲ್ಲಿ ಬೇರಿಂಗುಗಳು ಜೋಡಿಸುವಾಗ ಹಚ್ಚಿದ ಆಯಿಲ್ ಮೇಲೆಯೇ ಬದುಕಬೇಕು. ಫಿಲ್ಟರಿಗೆ ಆಯಿಲ್ ತುಂಬಿ ಹಾಕಿ, ಹಳೆಯ ಡೀಸೆಲ್ ಗಾಡಿಯಾದರೆ ಸ್ಟಾಪ್ ಲಿವರ್ ಎಳೆದು ಹಿಡಿದು, ಪೆಟ್ರೋಲ್ ಗಾಡಿಯಾದರೆ ಪ್ಲಗ್ಗು ಬಿಚ್ಚಿ ಕರೆಂಟು, ಪೆಟ್ರೋಲು ಎರಡನ್ನೂ ಕಡಿದು, ಹತ್ತು ಸೆಕೆಂಡಿಗೊಮ್ಮೆ ಬಿಡುವು ಕೊಡುತ್ತ ಸೆಲ್ಫ್ ಹೊಡೆಯಬೇಕು. ಪ್ರೆಷರ್ ಮುಳ್ಳು ಎದ್ದಿತೋ, ಆಯಿಲ್ ದೀಪ ಆರಿತೋ, ಆಗಷ್ಟೇ ಚಾಲೂ. ರೇಡಿಯೇಟರಿನಲ್ಲಿ ಗಾಳಿ ಸಿಕ್ಕಿಕೊಳ್ಳದಂತೆ, ಡೀಸೆಲ್ ಲೈನಿನ ಏರ್ ಪೂರ್ತಿ ಹೋಗುವಂತೆ ಮೊದಲೇ ನೋಡಿಕೊಂಡಿದ್ದರೆ ಇಂಜಿನ್ ಬೇಗ ಹತ್ತುತ್ತದೆ. ಕುಂಟುತ್ತ ಕುಂಟುತ್ತ ಹತ್ತುವ ಇಂಜಿನ್ನಿನಲ್ಲಿ ಉರಿಯದ ಇಂಧನ ಗೋಡೆಯ ಆಯಿಲ್ ತೊಳೆದುಹಾಕುತ್ತದೆ.

ಹತ್ತಿದ ಮೇಲೆ ಐಡ್ಲಿಂಗ್‌ಗೆ ಬಿಡಬಾರದೆಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಅಂಬಾಸಿಡರ್, ಹಳೆಯ ಜೀಪುಗಳಂಥ ಇಂಜಿನ್ನುಗಳಲ್ಲಿ ಕ್ಯಾಮಿನ ಉಬ್ಬು ನೇರವಾಗಿ ಟ್ಯಾಪೆಟ್ಟಿನ ಚಪ್ಪಟೆ ತಳದ ಮೇಲೆ ಉಜ್ಜುತ್ತದೆ. ಅಲ್ಲಿಗೆ ಆಯಿಲ್ ತಲುಪುವುದು ಬಹುಮಟ್ಟಿಗೆ ಕ್ರ್ಯಾಂಕು ಸಿಡಿಸುವ ಹನಿಗಳಿಂದ. ನಿಧಾನ ಓಟದಲ್ಲಿ ಸಿಡಿತ ಕಡಿಮೆ, ಉಬ್ಬಿನ ಮೇಲೆ ಸ್ಪ್ರಿಂಗಿನ ಒತ್ತಡ ಹೆಚ್ಚು. ಹೊಸ ಕ್ಯಾಮು, ಟ್ಯಾಪೆಟ್ ಹಾಕಿದ ಪೆಟ್ರೋಲ್ ಇಂಜಿನ್ನನ್ನು ಮೊದಲ ಇಪ್ಪತ್ತು ನಿಮಿಷ 2000 ಆರ್‌ಪಿಎಂ ಆಸುಪಾಸಿನಲ್ಲಿ, ತುಸು ಏರಿಳಿಸುತ್ತ ಓಡಿಸುವುದು ಅದಕ್ಕೇ. ಡೀಸೆಲ್ಲಿಗೆ ಇದಕ್ಕಿಂತ ಕಡಿಮೆ ಸಾಕು. ಇಂಥ ಟ್ಯಾಪೆಟ್ಟುಗಳನ್ನು ಕಾಯುವುದು ಆಯಿಲ್ಲಿನಲ್ಲಿರುವ ಸತು ಮತ್ತು ರಂಜಕದ ಸಂಯುಕ್ತ. ಹೊಗೆ ಶುದ್ಧೀಕರಿಸುವ ಕನ್ವರ್ಟರ್ ಕೆಡದಿರಲೆಂದು ಹೊಸ ಪೆಟ್ರೋಲ್ ಕಾರುಗಳ ತೆಳು ಆಯಿಲ್ಲುಗಳಲ್ಲಿ ರಂಜಕವನ್ನು ಶೇ 0.08ಕ್ಕೆ ಮಿತಿಗೊಳಿಸಿದ್ದಾರೆ. ಆದ್ದರಿಂದ ಹಳೆಯ ಇಂಜಿನ್ನಿಗೆ ದುಬಾರಿ ಸಿಂಥೆಟಿಕ್ಕಿಗಿಂತ, ಆ ಇಂಜಿನ್ನಿಗೆ ಹೇಳಿದ ದರ್ಜೆಯ ಮಿನರಲ್ ಆಯಿಲ್ಲೇ ಮೊದಲ ದಿನಗಳಿಗೆ ಸರಿ.

ಇಪ್ಪತ್ತು ನಿಮಿಷದ ತಪಾಸಣೆ ಮುಗಿದು, ಇಂಜಿನ್ ಆರಿ, ನೀರು ಆಯಿಲ್ ಮತ್ತೊಮ್ಮೆ ನೋಡಿದ ಮೇಲೆ ರಸ್ತೆಗೆ. ಮೂರನೆಯ ಗೇರಿನಲ್ಲಿ ಮೂವತ್ತರಿಂದ ಅರವತ್ತರವರೆಗೆ ಅರ್ಧದಿಂದ ಮುಕ್ಕಾಲು ಆಕ್ಸಿಲರೇಟರ್ ತುಳಿದು ಎಳೆಸಬೇಕು, ಕಾಲು ತೆಗೆದು ಗೇರಿನಲ್ಲೇ ವೇಗ ಇಳಿಯಲು ಬಿಡಬೇಕು, ಮತ್ತೆ ಎಳೆಸಬೇಕು. ಎಳೆತ ರಿಂಗನ್ನು ಒತ್ತುತ್ತದೆ, ಬಿಡುವು ಶಾಖ ಇಳಿಸುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಕಾಲು ತೆಗೆದಾಗ ಹುಟ್ಟುವ ಸೆಳೆತ ಗೋಡೆಗೆ ಒಂದಿಷ್ಟು ಆಯಿಲ್ಲನ್ನೂ ಎಳೆದು ಪುಡಿ ತೊಳೆಯುತ್ತದೆ. ನರಗುಂದದ ಮೂಲಕ ಹಾದುಹೋಗುವ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಂಥ ಸಪಾಟು ದಾರಿಯಲ್ಲಿ ಒಂದೇ ವೇಗಕ್ಕೆ ಕಾಲು ಇಟ್ಟು ಕೂರುವ ಆಸೆಯಾಗುತ್ತದೆ, ಅದನ್ನು ತಡೆಯಬೇಕು. ಗಜೇಂದ್ರಗಡದ ಕಡೆಯ ಗುಡ್ಡಸೀಮೆಯಲ್ಲಿ ಏರು ತಾನಾಗಿಯೇ ಲೋಡ್ ಕೊಡುತ್ತದೆ, ಇಳಿಜಾರು ತಾನಾಗಿಯೇ ಬಿಡುವು ಕೊಡುತ್ತದೆ. ಆದರೆ ಏರಿನಲ್ಲಿ ದೊಡ್ಡ ಗೇರಿನಲ್ಲಿ ಗುದ್ದಾಡಿಸಬಾರದು, ಒಂದು ಗೇರು ಇಳಿಸಬೇಕು. ಬೇಸಿಗೆಯ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುವ ದಿನಗಳಲ್ಲಿ ಈ ಕೆಲಸಕ್ಕೆ ಬೆಳಗಿನ ಜಾವವೇ ಸೂಕ್ತ. ಖಾಲಿ ತಿರುಗಿಸುವ ಖರ್ಚು ಭಾರವಾದರೆ ಅರ್ಧ ಲೋಡಿನ ಬಾಡಿಗೆಯನ್ನೇ ಒಪ್ಪಿಕೊಳ್ಳಬಹುದು. ರೋಣದಿಂದ ನರಗುಂದಕ್ಕೆ ಅರ್ಧ ಸೀಟು ತುಂಬಿಕೊಂಡು ನಿಲ್ಲುತ್ತ, ಹೊರಡುತ್ತ ಹೋಗುವ ಗಾಡಿಗೆ ಬೇಕಾದ ಏರಿಳಿತ ತಾನಾಗಿ ಸಿಗುತ್ತದೆ. ದುಡಿಮೆಯೂ ನಿಲ್ಲುವುದಿಲ್ಲ.

ಈ ನೆಲಕ್ಕೇ ಸೇರಿದ ಶತ್ರು ಧೂಳು. ಎರೆಯ ಧೂಳು ಹಿಟ್ಟಿನಷ್ಟು ನಯ, ಮಸಾರಿಯಲ್ಲಿ ಮರಳಿನ ಕಣ ಬೆರೆತಿರುತ್ತದೆ, ರಾಶಿಯ ಕಾಲದಲ್ಲಿ ಹೊಟ್ಟೂ ಹಾರುತ್ತದೆ. ಆಯಿಲ್ ಪದರದಷ್ಟೇ ದಪ್ಪದ ಸಣ್ಣ ಕಣಗಳೇ ಹೆಚ್ಚು ಅಪಾಯಕಾರಿ, ಅವು ಕಣ್ಣಿಗೆ ಕಾಣುವುದಿಲ್ಲ. ಸೆಟ್ ಆಗದ ರಿಂಗು ಅವನ್ನು ತಡೆಯಲಾರದು. ಹಳೆಯ ಏರ್ ಫಿಲ್ಟರನ್ನೇ ಝಾಡಿಸಿ ಹೊಸ ಇಂಜಿನ್ನಿಗೆ ಹಾಕುವುದು, ಟ್ರ್ಯಾಕ್ಟರಿನ ಆಯಿಲ್ ಬಾತ್ ಕ್ಲೀನರಿನ ಆಯಿಲ್ ಬದಲಿಸದಿರುವುದು, ಒಡಕು ರಬ್ಬರ್ ಪೈಪಿಗೆ ಟ್ಯೂಬು ಸುತ್ತುವುದು, ಇವು ಉಳಿತಾಯವಲ್ಲ. ಮೊದಲ ಆಯಿಲ್ಲನ್ನು ನೂರು ಕಿಲೋಮೀಟರಿನೊಳಗೆ ಫಿಲ್ಟರ್ ಸಮೇತ ಇಳಿಸಬೇಕು, ಆಮೇಲೆ ಐನೂರಕ್ಕೆ, ಆಮೇಲೆ ಸಾವಿರಕ್ಕೆ. ಇಳಿಸಿದ ಆಯಿಲ್ಲನ್ನು ಬಿಸಿಲಿಗೆ ಹಿಡಿದು ನೋಡಿದರೆ ಸಣ್ಣ ಬೂದು ಮಿಂಚು ಕಾಣುವುದು ಸಹಜ. ಚಕ್ಕೆ ಕಂಡರೆ, ತಾಮ್ರದ ಬಣ್ಣದ ಹೊಳಪು ಕಂಡರೆ, ಗಾಡಿ ನಿಲ್ಲಿಸಿ ಬೇರಿಂಗು ನೋಡಲೇಬೇಕು.

ಇಷ್ಟರಿಂದ ಬರುವ ತೀರ್ಮಾನ ಗಾಡಿ ಓಡಿಸುವವರಿಗಷ್ಟೇ ಅಲ್ಲ, ಗ್ಯಾರೇಜಿನ ವ್ಯವಹಾರಕ್ಕೂ ಸಂಬಂಧಿಸಿದ್ದು. ಈಗಿನ ರೂಢಿಯಲ್ಲಿ ಇಂಜಿನ್ ಹತ್ತಿದೊಡನೆ ಮಿಸ್ತ್ರಿಯ ಕೆಲಸ ಮುಗಿಯುತ್ತದೆ, ಕೂಲಿ ಕೈಗೆ ಬರುತ್ತದೆ, ಮುಂದಿನ ಸಾವಿರ ಕಿಲೋಮೀಟರಿನ ಹೊಣೆ ಮಾಲೀಕನ ಮೇಲೆ ಬೀಳುತ್ತದೆ. ಇಂಜಿನ್ ಕೆಟ್ಟರೆ ನೀನು ಜೋರಾಗಿ ಓಡಿಸಿದೆ, ನೀನು ಸರಿಯಾಗಿ ಕಟ್ಟಲಿಲ್ಲ ಎಂಬ ವಾದಕ್ಕೆ ಕೊನೆಯೇ ಇರುವುದಿಲ್ಲ. ಬೋರಿನ ತೊಳೆತ, ಆಯಿಲ್ ಏರಿಸುವುದು, ಇಪ್ಪತ್ತು ನಿಮಿಷದ ತಪಾಸಣೆ, ಮೊದಲ ಲೋಡಿನ ಓಟ, ಮೊದಲ ಆಯಿಲ್ ಬದಲಾವಣೆ, ಈ ಐದನ್ನೂ ಇಂಜಿನ್ ಕೆಲಸದ ಭಾಗವೆಂದೇ ಎಣಿಸಿ ಕೂಲಿಯಲ್ಲಿ ಸೇರಿಸಿದರೆ ಖರ್ಚು ತುಸು ಏರುತ್ತದೆ. ಆದರೆ ಅದು ಎರಡನೆಯ ಸಲ ಬೋರ್ ಮಾಡಿಸುವ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ. ಹೊಸ ಇಂಜಿನ್ನು ಎಷ್ಟು ನಯವಾಗಿ ಗುನುಗುತ್ತದೆ ಎಂಬುದನ್ನು ಕೇಳಿ ಗಾಡಿ ಒಯ್ಯುವ ಬದಲು, ಮಿಸ್ತ್ರಿಯನ್ನೂ ಕೂರಿಸಿಕೊಂಡು ಒಂದು ಏರು ಹತ್ತಿಸಿ, ಬ್ರೀದರಿನ ಹೊಗೆಯನ್ನೂ ಆಯಿಲ್ ಕಡ್ಡಿಯನ್ನೂ ಇಬ್ಬರೂ ನೋಡಿದ ಮೇಲೆಯೇ ಹಣ ಎಣಿಸುವ ಪದ್ಧತಿ ಬರಲಿ.